ಮೂರು ಬಣ್ಣದ ಬೆಕ್ಕು, ನಾಲ್ಕು ಹೆಸರು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಕ್ಕಿನವೇ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಆಗಿದೆ. ಇದೇ ಪ್ರಶ್ನೆ ಎಷ್ಟೋ ಬೀದಿಗಳಲ್ಲಿ ಇದೆ, ಅದಕ್ಕೇ ಕತ್ತರಿಸದೆ ಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಊರಿನ ಮನೆಯಲ್ಲಿ ಕೊಟ್ಟಿಗೆ ತುಂಬ ದನ, ಜಗಲಿಯಲ್ಲಿ ನಾಯಿ, ಒಲೆ ಪಕ್ಕ ಬೆಕ್ಕು. ಬೆಂಗಳೂರಿಗೆ ಬಂದು ಆರು ವರ್ಷ ಆಯಿತು, ಹನುಮಂತನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಪ್ರಾಣಿ ಸಾಕಬಾರದು ಅಂತ ಓನರ್ ಅಗ್ರಿಮೆಂಟಿನಲ್ಲೇ ಬರೆಸಿದ್ದಾರೆ. ನಮ್ಮ ರಸ್ತೆಯಲ್ಲಿ ಒಂದು ಬೆಕ್ಕಿದೆ. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ. ಗಂಡೋ ಹೆಣ್ಣೋ ಗೊತ್ತಿಲ್ಲ. ಸಂಜೆ ನಾನು ಸ್ಕೂಟರ್ ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಗೇಟಿನ ಹತ್ತಿರ ಬಂದು ಕೂತಿರುತ್ತದೆ, ಕಾಲಿಗೆ ಮೈ ಉಜ್ಜುತ್ತದೆ. ನಾನು ಚಿನ್ನಿ ಅನ್ನುತ್ತೇನೆ, ಎದುರು ಮನೆ ಅಜ್ಜಿ ಪುಟ್ಟಿ ಅನ್ನುತ್ತಾರೆ, ಇಸ್ತ್ರಿ ಅಂಗಡಿಯವರು ಟೈಗರ್, ಮೂಲೆ ಮನೆ ಹುಡುಗರು ಬೇರೆ ಏನೋ ಕರೆಯುತ್ತಾರೆ. ಈಚೆಗೆ ಸ್ವಲ್ಪ ದಪ್ಪ ಆಗಿದೆ. ನನಗೆ ಒಂದು ಪ್ರಾಣಿ ಬೇಕು ಅಂತ ತುಂಬಾ ಆಸೆ. ಇದನ್ನು ಒಳಗೆ ತಂದುಕೊಳ್ಳಲೇ? ಎಲ್ಲರ ಬೆಕ್ಕನ್ನು ನನ್ನದು ಅಂದುಕೊಳ್ಳುವುದು ತಪ್ಪಾ?

ಉತ್ತರ: ತಪ್ಪೇನಿಲ್ಲ ಅಮ್ಮ. ಆದರೆ ಒಳಗೋ ಹೊರಗೋ ಅನ್ನುವ ಪ್ರಶ್ನೆಗೆ ಮುಂಚೆ ಇನ್ನೊಂದು ಕೆಲಸ ಇದೆ, ಅದಕ್ಕೆ ಕಾಲ ಮೀರುತ್ತಿದೆ ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಚಿನ್ನಿ ಹೆಣ್ಣು. ನೋಡದೆಯೇ ಹೇಳುತ್ತಿದ್ದೇನೆ. ಕೇಸರಿ ಬಣ್ಣ ಕೊಡುವ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಕಪ್ಪು, ಕೇಸರಿ ಎರಡೂ ಒಂದೇ ಮೈಮೇಲೆ ಬರಬೇಕಾದರೆ ಎರಡು ಎಕ್ಸ್ ಬೇಕು, ಅಂದರೆ ಹೆಣ್ಣೇ ಆಗಬೇಕು. ಮೂರು ಬಣ್ಣದ ಗಂಡು ಹುಟ್ಟುವುದು ತೀರಾ ಅಪರೂಪ. ಹಾಗಾಗಿ ಹೆಣ್ಣು ಬೆಕ್ಕು, ನಾಲ್ಕು ಮನೆಯ ಊಟ, ಈಚೆಗೆ ದಪ್ಪ ಅಂದರೆ ನನಗೆ ಮೊದಲು ಬರುವ ಅನುಮಾನ ಗಬ್ಬ.

ಬೆಕ್ಕಿನ ಗರ್ಭ ಸುಮಾರು ಒಂಬತ್ತು ವಾರ. ಮರಿ ನಾಲ್ಕೈದು ತಿಂಗಳಾದರೆ ಸಾಕು, ತಾನೇ ಗಬ್ಬ ಆಗಬಲ್ಲದು. ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬ ನಿಲ್ಲುತ್ತದೆ. ಚಳಿ ದೇಶಗಳಲ್ಲಿ ಹಗಲು ಚಿಕ್ಕದಾದಾಗ ಬೆದೆಗೆ ಬರುವುದು ನಿಲ್ಲುತ್ತದೆ, ನಮ್ಮಲ್ಲಿ ಬೆಳಕಿಗೆ ಬರ ಇಲ್ಲ, ಹೆಚ್ಚೂಕಡಿಮೆ ವರ್ಷವಿಡೀ ಮರಿ ಹಾಕುತ್ತವೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತ ಊರಲ್ಲಿ ಹೇಳುತ್ತಾರಲ್ಲ, ಊರಲ್ಲಿ ಆ ಏಳು ಮನೆಗೆ ಅಟ್ಟ ಇತ್ತು, ಹುಲ್ಲು ಇತ್ತು. ಇಲ್ಲಿ ಏನಿದೆ? ಸಂಪಿನ ಪಕ್ಕ, ಕಾರಿನ ಕೆಳಗೆ, ಜನರೇಟರ್ ಗೂಡು. ನಮ್ಮ ಕ್ಲಿನಿಕ್ಕಿಗೆ ರಟ್ಟಿನ ಡಬ್ಬದಲ್ಲಿ ಮರಿಗಳನ್ನು ತಂದು ಬಿಟ್ಟು ಹೋಗುತ್ತಾರೆ, ಕಣ್ಣು ಕೂಡ ಬಿಟ್ಟಿರುವುದಿಲ್ಲ. ಎರಡು ಗಂಟೆಗೊಮ್ಮೆ ಹಾಲು ಕುಡಿಸಿದರೂ ಎಲ್ಲ ಉಳಿಯುವುದಿಲ್ಲ. ಉಳಿದವು ಬೀದಿಗೆ ಇಳಿದ ಮೇಲೆ ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ವಾಂತಿಭೇದಿ ಬಂದರೆ ಒಂದೇ ವಾರದಲ್ಲಿ ಇಡೀ ಹಿಂಡು ಹೋಗುತ್ತದೆ. ಇಷ್ಟು ವರ್ಷ ಆದರೂ ನನಗೆ ಇದು ಅಭ್ಯಾಸ ಆಗಿಲ್ಲ.

ಅದಕ್ಕೇ ಹೇಳುವುದು, ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ. ಈ ಬೆಕ್ಕಿಗೆ ನೀವು ಕೊಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲ. ಮನೆ ಕೊಟ್ಟರೂ ಇದರ ನಂತರವೇ.

ಮೊದಲು ಕಿವಿ ನೋಡಿ. ಬೀದಿ ಬೆಕ್ಕಿಗೆ ಸಂತಾನಹರಣ ಆದಾಗ ಗುರುತಿಗೆ ಅಂತ ಒಂದು ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಅರಿವಳಿಕೆ ಇರುವಾಗಲೇ ಮಾಡುವುದರಿಂದ ನೋವಾಗುವುದಿಲ್ಲ. ಜಗಳದಲ್ಲಿ ಹರಿದ ಕಿವಿ ಚಿಂದಿ ಚಿಂದಿಯಾಗಿರುತ್ತದೆ, ಇದು ನೇರ ಗೆರೆ. ಹಾಗಿದ್ದರೆ ಯಾರೋ ಪುಣ್ಯಾತ್ಮರು ನಿಮಗಿಂತ ಮೊದಲೇ ಮಾಡಿಸಿದ್ದಾರೆ, ದಪ್ಪ ಆಗಿರುವುದು ನಾಲ್ಕು ಮನೆ ಊಟದಿಂದ.

ಕಿವಿ ಪೂರ್ತಿ ಇದ್ದರೆ ಒಂದು ಕ್ಯಾರಿಯರ್, ಅಂದರೆ ಬೆಕ್ಕನ್ನು ಒಯ್ಯುವ ಬಾಗಿಲಿನ ಪೆಟ್ಟಿಗೆ, ತನ್ನಿ. ಹಿಡಿದು ತುರುಕಬೇಡಿ, ಇಷ್ಟು ದಿನದ ನಂಬಿಕೆ ಒಂದೇ ನಿಮಿಷದಲ್ಲಿ ಹೋಗುತ್ತದೆ. ಬಾಗಿಲು ತೆಗೆದು ಗೇಟಿನ ಹತ್ತಿರ ಇಡಿ, ದಿನಾ ಊಟ ಅದರ ಮುಂದೆ, ಆಮೇಲೆ ಹೊಸ್ತಿಲಲ್ಲಿ, ಆಮೇಲೆ ಒಳಗೆ. ಒಂದು ವಾರ ಹತ್ತು ದಿನದಲ್ಲಿ ತಾನೇ ಒಳಗೆ ಹೋಗಿ ಮಲಗುತ್ತದೆ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಿವೆ, ನಿಮ್ಮ ಹತ್ತಿರದ ಕ್ಲಿನಿಕ್ಕುಗಳೂ ಇವೆ. ಬೀದಿ ಬೆಕ್ಕು ಅಂತ ಮೊದಲೇ ಹೇಳಿ, ಎಷ್ಟೋ ಡಾಕ್ಟರುಗಳು ಖರ್ಚು ಕಡಿಮೆ ಮಾಡುತ್ತಾರೆ. ಈಗಾಗಲೇ ಗಬ್ಬ ಇದ್ದರೆ ಏನು ಮಾಡಬೇಕು ಅನ್ನುವುದನ್ನು ಪರೀಕ್ಷೆ ಮಾಡಿದ ಡಾಕ್ಟರ ಜೊತೆ ಕೂತು ನಿರ್ಧರಿಸಿ. ಅದೇ ದಿನ ರೇಬಿಸ್ ಲಸಿಕೆಯ ಬಗ್ಗೆಯೂ ಕೇಳಿ.

ಆಪರೇಷನ್ ಆದ ಮೇಲೆ ಹೆಣ್ಣು ಬೆಕ್ಕನ್ನು ಕೆಲವು ದಿನ ಒಳಗೆ ಇಟ್ಟುಕೊಳ್ಳಬೇಕು, ಹೊಲಿಗೆ ನೆಕ್ಕಿ ಬಿಚ್ಚಿಕೊಳ್ಳಬಾರದು. ಇಲ್ಲಿ ನಿಮಗೆ ಓನರ್ ವಿಷಯ ಬರುತ್ತದೆ. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ಪೂರ್ತಿ ನಿಷೇಧಿಸುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೆ ನಿಮ್ಮದು ಸಂಘದ ವಿಷಯ ಅಲ್ಲ, ನೀವೇ ಸಹಿ ಹಾಕಿದ ಅಗ್ರಿಮೆಂಟು. ಕದ್ದು ಸಾಕಬೇಡಿ. ಒಂದು ದಿನ ಗೊತ್ತಾಗುತ್ತದೆ, ಆಗ ಬೀದಿಗೆ ಬೀಳುವುದು ಬೆಕ್ಕು. ಓನರ್ ಹತ್ತಿರ ನೇರವಾಗಿ ಹೋಗಿ, ಈ ಬೆಕ್ಕು ನಿಮ್ಮ ಕಾಂಪೌಂಡಿನಲ್ಲೇ ಮರಿ ಹಾಕುವ ಮೊದಲು ಆಪರೇಷನ್ ಮಾಡಿಸುತ್ತಿದ್ದೇನೆ, ಒಂದು ವಾರ ನಮ್ಮ ಬಚ್ಚಲಲ್ಲಿ ಇರಲಿ ಅಂತ ಕೇಳಿ ನೋಡಿ. ಒಪ್ಪದಿದ್ದರೆ ಎದುರು ಮನೆ ಅಜ್ಜಿಯನ್ನು ಕೇಳಿ. ಪುಟ್ಟಿ ಅಂತ ಹೆಸರಿಟ್ಟವರು ಅವರು, ಇಲ್ಲ ಅನ್ನಲಿಕ್ಕಿಲ್ಲ. ಖರ್ಚನ್ನೂ ಹೆಸರಿಟ್ಟ ಎಲ್ಲರೂ ಹಂಚಿಕೊಳ್ಳಬಹುದು ಅಲ್ವಾ?

ಆಮೇಲೆ ಒಳಗೋ ಹೊರಗೋ? ಅಗ್ರಿಮೆಂಟ್ ಹಾಗೇ ಇರುವ ತನಕ ಹೊರಗೇ ಇರಲಿ. ನಿಮಗೆ ಬೇಸರ ಆಗುತ್ತದೆ ಅಂತ ಗೊತ್ತು. ಆದರೆ ಸಂಜೆ ನಿಮ್ಮ ಸ್ಕೂಟರ್ ಸದ್ದು ಗುರುತು ಹಿಡಿದು ಬಂದು ಕೂರುವ ಬೆಕ್ಕು ಈಗಾಗಲೇ ನಿಮ್ಮದು. ಮುಂದೆ ಬೇರೆ ಮನೆಗೆ ಹೋಗುವಾಗ, ಪ್ರಾಣಿ ಸಾಕಲು ಬಿಡುವ ಮನೆಯನ್ನೇ ಹುಡುಕಿ, ಆಗ ಚಿನ್ನಿಯನ್ನು ಕರೆದುಕೊಂಡು ಹೋಗುವ ಬಗ್ಗೆ ಯೋಚಿಸಿ. ಕರೆದುಕೊಂಡು ಹೋದರೆ ಹೊಸ ಮನೆಯಲ್ಲಿ ಕೆಲವು ವಾರ ಹೊರಗೆ ಬಿಡಬಾರದು, ಹಳೆ ಜಾಗ ಹುಡುಕಿಕೊಂಡು ಹೊರಟುಬಿಡುತ್ತದೆ. ಬಾಲ್ಕನಿಗೆ ಜಾಲರಿ ಹಾಕಿಸಿ, ಪಾರಿವಾಳದ ನೈಲಾನ್ ಬಲೆಯನ್ನು ಕಚ್ಚಿ ಹರಿಯುತ್ತವೆ, ತಂತಿಯದ್ದೇ ಒಳ್ಳೆಯದು. ಬೆಕ್ಕು ಎತ್ತರದಿಂದ ಬಿದ್ದರೂ ಏನೂ ಆಗುವುದಿಲ್ಲ ಅನ್ನುವುದು ಸುಳ್ಳು. ಕಾಲ ಮೇಲೇ ಬೀಳುತ್ತವೆ ನಿಜ, ಆದರೂ ದವಡೆ ಒಡೆದುಕೊಂಡು, ಎದೆಗೆ ಪೆಟ್ಟಾಗಿ ಬರುತ್ತವೆ.

ಊಟ ಹಾಕುವ ಜಾಗದ ಬಗ್ಗೆ ಯಾರಾದರೂ ತಕರಾರು ಮಾಡಿದರೆ, 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿ ಸಮುದಾಯ ಪ್ರಾಣಿಗಳಿಗೆ ಊಟ ಹಾಕಲು ಅವಕಾಶ ಇದೆ ಅಂತ ಹೇಳಿ. ಅದೇ ನಿಯಮದಲ್ಲಿ ನಿಮಗೂ ಒಂದು ಮಾತಿದೆ: ಮೆಟ್ಟಿಲು, ಓಡಾಡುವ ಬಾಗಿಲು, ಮಕ್ಕಳು ಆಡುವ ಜಾಗದಿಂದ ದೂರ ಹಾಕಬೇಕು. ತಿಂದ ಮೇಲೆ ಜಾಗ ತೊಳೆಯಿರಿ, ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಇನ್ನೊಂದು, ನಿಮ್ಮ ರಸ್ತೆಯ ಕಾರಿನವರಿಗೆಲ್ಲ ಹೇಳಿಡಿ. ಚಳಿಗೆ, ಮಳೆಗೆ ಬೆಕ್ಕು ಎಂಜಿನ್ ಬಿಸಿ ಹುಡುಕಿಕೊಂಡು ಒಳಗೆ ಸೇರಿಕೊಳ್ಳುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ನಾಲ್ಕು ಸಲ ತಟ್ಟಲಿ.

ಪ್ರಶ್ನೆ: ದಿನಾ ಮನೆಗೆ ಬರುವ ಬೆಕ್ಕಿಗೆ ಹಾಲನ್ನ, ಮೊಸರನ್ನ ಹಾಕುತ್ತೇವೆ. ನಾವು ಸಸ್ಯಾಹಾರಿಗಳು. ಬೆಕ್ಕಿಗೆ ಆಗಾಗ ಭೇದಿ ಆಗುತ್ತದೆ. ಏನು ಔಷಧಿ ಕೊಡಲಿ? (ಮೈಸೂರು)

ಉತ್ತರ: ಮೊದಲು ಹಾಲು ನಿಲ್ಲಿಸಿ, ಎಷ್ಟೋ ಸಲ ಅದೇ ಔಷಧಿ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಜೀರ್ಣ ಆಗುವುದಿಲ್ಲ. ಆಮೇಲೂ ಭೇದಿ ನಿಲ್ಲದಿದ್ದರೆ ಜಂತುಹುಳ ಇರಬಹುದು, ಡಾಕ್ಟರಿಗೆ ತೋರಿಸಿ. ಬರೀ ಅನ್ನದಲ್ಲಿ ಬೆಕ್ಕು ಬದುಕಲಾರದು. ಟಾರಿನ್ ಅನ್ನುವ ಪೋಷಕಾಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು, ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಕೆಡುತ್ತದೆ. ಊರಿನ ಬೆಕ್ಕು ಹಾಲನ್ನ ತಿಂದು ಚೆನ್ನಾಗಿತ್ತು ಅನ್ನುತ್ತಾರೆ, ಅದು ಹಿತ್ತಿಲಲ್ಲಿ ಇಲಿ ಹಿಡಿದು ತಿನ್ನುತ್ತಿತ್ತು ಅನ್ನುವುದನ್ನು ಮರೆಯುತ್ತಾರೆ. ಮನೆಯಲ್ಲಿ ಮೀನು, ಕೋಳಿ ಬೇಯಿಸುವುದು ನಿಮಗೆ ಆಗುವುದಿಲ್ಲ, ಸರಿ. ಬೆಕ್ಕಿಗೆ ಅಂತಲೇ ಬರುವ ಒಣ ಆಹಾರ ಅಂಗಡಿಯಲ್ಲಿ ಸಿಗುತ್ತದೆ, ಅದರಲ್ಲಿ ಟಾರಿನ್ ಸೇರಿಸಿರುತ್ತಾರೆ. ದಿನಾ ಒಂದು ಹಿಡಿ ಹಾಕಿ, ಪಕ್ಕದಲ್ಲಿ ನೀರಿಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರನ್ನ ಬೇಡವೇ ಬೇಡ. ಜ್ವರ ಬಂದ ಹಾಗೆ ಕಂಡರೂ ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಬೇಡಿ. ಬೆಕ್ಕಿಗೆ ಅದು ವಿಷ, ಒಂದು ಮಾತ್ರೆ ಸಾಕು ಸಾಯಲಿಕ್ಕೆ.

ಪ್ರಶ್ನೆ: ಬೀದಿ ಬೆಕ್ಕನ್ನು ಎತ್ತಿಕೊಳ್ಳಲು ಹೋಗಿ ಮಗನಿಗೆ ಪರಚಿದೆ. ರಕ್ತ ಬಂದಿಲ್ಲ, ಗೀರು ಮಾತ್ರ. ನಾಯಿ ಅಲ್ಲವಲ್ಲ, ಸುಮ್ನೆ ಬಿಡಬಹುದಾ? (ತುಮಕೂರು)

ಉತ್ತರ: ಬಿಡಬೇಡಿ. ಈ ಪತ್ರಕ್ಕೆ ಅಂಚೆಯಲ್ಲಿ ಉತ್ತರ ಆಗಲೇ ಕಳಿಸಿದ್ದೇನೆ, ಉಳಿದವರಿಗೆ ಗೊತ್ತಾಗಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ, ಬಂದ ಮೇಲೆ ಉಳಿಸುವ ಔಷಧಿ ಇಲ್ಲ. ಪರಚಿದ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಕಾಫಿ ಪುಡಿ, ಸುಣ್ಣ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಬೇಕು, ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಅನ್ನುವ, ತಕ್ಷಣ ರಕ್ಷಣೆ ಕೊಡುವ ಚುಚ್ಚುಮದ್ದು ಕೂಡ ಬೇಕಾಗುತ್ತದೆ. ಡಾಕ್ಟರ್ ಹೇಳಿದ ಎಲ್ಲ ಡೋಸೂ ಮುಗಿಸಿ.

ಪ್ರಶ್ನೆ: ಮಗಳು ಮೂರು ತಿಂಗಳ ಬಸುರಿ. ಮನೆಯಲ್ಲಿ ಎಂಟು ವರ್ಷದಿಂದ ಸಾಕಿದ ಬೆಕ್ಕಿದೆ. ಮಗುವಿಗೆ ತೊಂದರೆ ಆಗುತ್ತದೆ, ಎಲ್ಲಾದರೂ ಬಿಟ್ಟು ಬನ್ನಿ ಅಂತ ಬೀಗರು ಹೇಳುತ್ತಿದ್ದಾರೆ. (ಹುಬ್ಬಳ್ಳಿ)

ಉತ್ತರ: ಬಿಟ್ಟು ಬರಬೇಡಿ ಯಜಮಾನರೇ. ಮನೆಯೊಳಗೆ ಬೆಳೆದ ಎಂಟು ವರ್ಷದ ಬೆಕ್ಕು ಬೀದಿಯಲ್ಲಿ ಒಂದು ವಾರ ಬದುಕುವುದೂ ಕಷ್ಟ. ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಬೀಗರ ಭಯ ಸುಳ್ಳೇನಲ್ಲ. ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಬೆಕ್ಕಿನ ಮಲದಲ್ಲಿ ಇರಬಹುದು, ಗರ್ಭಕ್ಕೆ ಕೆಟ್ಟದ್ದು. ಆದರೆ ಹೊರಬಿದ್ದ ಮಲದಿಂದ ರೋಗ ಅಂಟಲು ಒಂದರಿಂದ ಐದು ದಿನ ಬೇಕು. ದಿನಾ ತೆಗೆದು ಹಾಕಿದರೆ ಅಪಾಯ ಬಹಳ ಕಡಿಮೆ. ಆ ಕೆಲಸವನ್ನು ಮಗಳು ಮಾಡದೆ ನೀವು ಮಾಡಿ, ಅಷ್ಟೇ. ಬೆಕ್ಕನ್ನು ಮುಟ್ಟಿದರೆ, ಮಡಿಲಲ್ಲಿ ಕೂರಿಸಿಕೊಂಡರೆ ಹೆದರಬೇಕಿಲ್ಲ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಕೈಗವಸು ಇಲ್ಲದೆ ಮಣ್ಣು ಕೆದಕುವುದು, ಇವುಗಳ ಬಗ್ಗೆ ಜಾಸ್ತಿ ಜಾಗ್ರತೆ ಬೇಕು. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ. ಹೆರಿಗೆ ಡಾಕ್ಟರ ಹತ್ತಿರ ಮನೆಯಲ್ಲಿ ಬೆಕ್ಕಿದೆ ಅಂತ ಹೇಳಿ, ಬೇಕಾದರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಬೀಗರನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಅವರೂ ನೇರವಾಗಿ ಕೇಳಿಸಿಕೊಳ್ಳಲಿ.

ಪ್ರಶ್ನೆ: ಅಂಕಲ್, ನನಗೆ 11 ವರ್ಷ. ನಮ್ಮದು ಒಂದು ಬೆಡ್‌ರೂಮಿನ ಮನೆ. ನನಗೆ ಪರ್ಷಿಯನ್ ಬೆಕ್ಕು ಬೇಕು. ಅಪ್ಪ ಬೇಡ ಅನ್ನುತ್ತಾರೆ. ನೀವು ಅಪ್ಪನಿಗೆ ಹೇಳಿ. (ಬೆಂಗಳೂರು)

ಉತ್ತರ: ಪುಟ್ಟ, ಮನೆ ಚಿಕ್ಕದು ಅನ್ನುವುದು ಬೆಕ್ಕಿಗೆ ದೊಡ್ಡ ತೊಂದರೆ ಅಲ್ಲ, ಇಷ್ಟು ಅಪ್ಪನಿಗೆ ಹೇಳುತ್ತೇನೆ. ಪರ್ಷಿಯನ್ ವಿಷಯದಲ್ಲಿ ಮಾತ್ರ ನಾನು ಅಪ್ಪನ ಕಡೆ. ಅದರ ಮುಖ ಚಪ್ಪಟೆ ಇರುವುದರಿಂದ ಎಷ್ಟೋ ಬೆಕ್ಕುಗಳಿಗೆ ಉಸಿರಾಟ ಕಷ್ಟ, ಕಣ್ಣಲ್ಲಿ ಸದಾ ನೀರು. ಕೂದಲನ್ನು ದಿನಾ ಬಾಚಬೇಕು, ಇಲ್ಲದಿದ್ದರೆ ಜಡೆಗಟ್ಟಿ ಚರ್ಮ ಎಳೆಯುತ್ತದೆ, ನೋವಾಗುತ್ತದೆ. ದುಡ್ಡು ಕೊಟ್ಟು ತರುವ ಬದಲು ನಾಡು ಬೆಕ್ಕಿನ ಮರಿಯನ್ನು ದತ್ತು ತಗೊಳ್ಳಬಹುದು, ಆರೋಗ್ಯವಾಗಿ ಇರುತ್ತವೆ, ತುಂಬಾ ಚುರುಕು. ಚೆನ್ನಾಗಿ ನೋಡಿಕೊಂಡರೆ ಬೆಕ್ಕು 15 ವರ್ಷ ಬದುಕುತ್ತದೆ. ನಿನಗೆ 26 ಆಗುವ ತನಕ. ನೀನು ಕಾಲೇಜಿಗೆ ಬೇರೆ ಊರಿಗೆ ಹೋದರೆ ಅದರ ಮಲದ ತಟ್ಟೆ ತೊಳೆಯುವವರು ಅಪ್ಪ, ಹಾಗಾಗಿ ಅಪ್ಪನಿಗೆ ಯೋಚಿಸಲು ಸಮಯ ಕೊಡು.

ಅಲ್ಲಿಯವರೆಗೆ ಒಂದು ಕೆಲಸ ಮಾಡು. ನಿಮ್ಮ ಬೀದಿಯಲ್ಲಿ ಎಷ್ಟು ಬೆಕ್ಕಿವೆ, ಯಾವುದು ಎಲ್ಲಿ ಮಲಗುತ್ತದೆ, ಯಾವುದರ ಕಿವಿಯ ತುದಿ ಕತ್ತರಿಸಿದೆ, ಯಾವುದರದ್ದು ಇಲ್ಲ ಅಂತ ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಡು. ಮುಟ್ಟಬೇಡ, ದೂರದಿಂದ ನೋಡು, ಸಾಧ್ಯವಾದರೆ ಅಪ್ಪನ ಜೊತೆ. ಬರೆದದ್ದನ್ನು ನನಗೆ ಕಳಿಸು.