‘ತಪ್ಪು ನಡೆದುಹೋಯಿತು’ ಎಂಬ ವಾಕ್ಯದ ಬಗ್ಗೆ

ಮಾನ್ಯರೇ,

ಪಶ್ಚಾತ್ತಾಪವನ್ನು ಕುರಿತು ನೀವು ಕಳುಹಿಸಿದ ಹನ್ನೊಂದು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಸಾಮಾನ್ಯವಾಗಿ ಇಂತಹ ಸಂದರ್ಭದಲ್ಲಿ ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸುತ್ತೇನೆ. ನಿಮಗೆ ಹಾಗೆ ಮಾಡದಿರಲು ಕಾರಣ ಒಂಬತ್ತನೆಯ ಪುಟದ ನಡುವಿನಲ್ಲಿರುವ ಒಂದು ವಾಕ್ಯ. “ಅಣ್ಣನಿಗೆ ಸಲ್ಲಬೇಕಾಗಿದ್ದ ಹಣದ ವಿಷಯದಲ್ಲಿ ನನ್ನಿಂದಲೂ ತಪ್ಪು ನಡೆದುಹೋಯಿತು, ಇಂದಿಗೂ ನಮ್ಮಲ್ಲಿ ಮಾತುಕತೆಯಿಲ್ಲ” ಎಂದು ಬರೆದಿದ್ದೀರಿ. ಮರುವಾಕ್ಯದಲ್ಲಿಯೇ ಆದಾಮನ ಪತನಕ್ಕೆ ಹೊರಟುಹೋಗಿದ್ದೀರಿ, ಮತ್ತೆ ಅಣ್ಣನ ಸುದ್ದಿ ಬರುವುದಿಲ್ಲ. ಉಳಿದ ಹತ್ತೂವರೆ ಪುಟಗಳನ್ನು ಯಾರು ಬೇಕಾದರೂ ಬರೆಯಬಹುದು. ಈ ವಾಕ್ಯವನ್ನು ಬರೆಯಬಲ್ಲವರು ನೀವೊಬ್ಬರೇ.

ಆದರೆ ಆ ವಾಕ್ಯದ ಕ್ರಿಯಾಪದವನ್ನು ನೋಡಿ. ಕೈಯಿಂದ ಪಾತ್ರೆ ಒಡೆದವನು ‘ಒಡೆದುಹೋಯಿತು’ ಎನ್ನುತ್ತಾನೆ, ಕೊಟ್ಟ ಮಾತಿಗೆ ತಪ್ಪಿದವನು ‘ಆಗಲಿಲ್ಲ’ ಎನ್ನುತ್ತಾನೆ. ಕರ್ತೃವನ್ನು ಮೆಲ್ಲಗೆ ಮರೆಮಾಡುವ ಈ ಸೌಕರ್ಯ ನಮ್ಮ ಭಾಷೆಯಲ್ಲಿ ಧಾರಾಳವಾಗಿದೆ, ನಿತ್ಯದ ಸೌಜನ್ಯಕ್ಕೆ ಅದು ಬೇಕು ಕೂಡ. ಪಾಪದ ಅರಿಕೆ ಶುರುವಾಗುವುದು ಆ ಸೌಕರ್ಯವನ್ನು ಬಿಟ್ಟುಕೊಟ್ಟಾಗ. ನೀವು ‘ನಡೆದುಹೋಯಿತು’ ಎಂದಷ್ಟೇ ಬರೆದು ಸುಮ್ಮನಾಗಿಲ್ಲ, ‘ನನ್ನಿಂದಲೂ’ ಎಂದು ಸೇರಿಸಿದ್ದೀರಿ. ಆ ಒಂದು ‘ಊ’ಕಾರ ತಪ್ಪಿನ ಅರ್ಧವನ್ನು ಅಣ್ಣನ ಹೆಗಲಿಗೆ ದಾಟಿಸಿಬಿಟ್ಟಿದೆ.

ನೀವೇ ಉದಾಹರಿಸಿರುವ, ಬೈಬಲಿನ ರಾಜ ದಾವೀದನ ಕಥೆಯಲ್ಲಿ ಇದು ಹೇಗಿದೆ ನೋಡೋಣ. ಬತ್ಷೆಬೆಯನ್ನು ಕರೆಸಿಕೊಂಡು, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ ರಾಜನ ಬಳಿಗೆ ಪ್ರವಾದಿ ನಾತಾನನು ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆ ಹೇಳುತ್ತಾನೆ. ದಾವೀದ ಆ ಐಶ್ವರ್ಯವಂತನ ಮೇಲೆ ಕೆಂಡವಾಗುತ್ತಾನೆ, ಅವನಿಗೆ ಮರಣವೇ ಯೋಗ್ಯವೆನ್ನುತ್ತಾನೆ. ನಿಮ್ಮ ಲೇಖನದ ಮೊದಲ ಎಂಟು ಪುಟಗಳು ನಿಂತಿರುವುದು ಇಲ್ಲಿಯೇ: ಆಧುನಿಕ ಸಮಾಜದ ಪಾಪ, ಸಭೆಗಳ ಪಾಪ, ಯುವಜನರ ಪಾಪ. ನಾತಾನನು “ಆ ಮನುಷ್ಯನು ನೀನೇ” ಎಂದ ಮೇಲೆ ದಾವೀದನ ಬಾಯಿಂದ ಬರುವುದು ಒಂದು ಚಿಕ್ಕ ಮಾತು: ಕರ್ತನಿಗೆ ವಿರೋಧವಾಗಿ ಪಾಪ ಮಾಡಿದ್ದೇನೆ. ‘ನಾವು’ ಇಲ್ಲ, ‘ಆದರೆ’ ಇಲ್ಲ.

ಅವನ ಹಿಂದಿನ ರಾಜ ಸೌಲನೂ ಪ್ರವಾದಿ ಸಮುವೇಲನ ಮುಂದೆ ಇದೇ ಮಾತನ್ನು ಎರಡು ಬಾರಿ ಆಡಿದ್ದಾನೆ. ಮೊದಲ ಸಲ ಜನರಿಗೆ ಹೆದರಿ ಹಾಗೆ ಮಾಡಿದೆ ಎಂಬ ಕಾರಣವೂ ಜೊತೆಯಲ್ಲಿತ್ತು; ಎರಡನೆಯ ಸಲ, ಆದರೂ ಹಿರಿಯರೆದುರು ನನ್ನ ಮರ್ಯಾದೆ ಉಳಿಸು ಎಂಬ ಬೇಡಿಕೆಯಿತ್ತು. ನಿಮ್ಮ ಹತ್ತನೆಯ ಪುಟವನ್ನು ಇದರ ಪಕ್ಕದಲ್ಲಿಟ್ಟು ಓದಿಕೊಳ್ಳಬೇಕೆಂದು ಕೋರುತ್ತೇನೆ.

ಹಾಗೆಂದು ಕ್ರಿಯಾಪದವನ್ನು ತಿದ್ದಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನು ಪಶ್ಚಾತ್ತಾಪಪಡಲೇ ಇಲ್ಲವೆಂದು ನೀವು ಬರೆದಿದ್ದೀರಿ. ಮತ್ತಾಯನ ಸುವಾರ್ತೆಯ 27ನೆಯ ಅಧ್ಯಾಯವನ್ನು ಮತ್ತೊಮ್ಮೆ ತೆರೆಯಿರಿ. ಅವನು ಪರಿತಪಿಸಿದ, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ತಂದ, ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆನೆಂದು ಸ್ಪಷ್ಟವಾಗಿ ಹೇಳಿದ. ವ್ಯಾಕರಣದಲ್ಲಿ ಅವನ ಅರಿಕೆಗೆ ಕೊರತೆಯಿಲ್ಲ. ಆದರೆ ಅವನು ಹೋದದ್ದು ತನ್ನನ್ನು ಕೊಂಡವರ ಬಳಿಗೆ, ಮತ್ತು ಅವರು ಅದು ನಿನ್ನ ಪಾಡು ಎಂದು ಕೈತೊಳೆದುಕೊಂಡರು. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದ ಮನಸ್ಸಿನ ಪರಿವರ್ತನೆಯನ್ನು ಸೂಚಿಸುವ ‘ಮೆತನೊಯಿಯ’ಕ್ಕೆ ಸಂಬಂಧಿಸಿದ್ದಲ್ಲ, ನೊಂದುಕೊಳ್ಳುವುದನ್ನು ಹೇಳುವ ಬೇರೊಂದು ಪದ. ನಿಮ್ಮ ಲೇಖನದುದ್ದಕ್ಕೂ ಬರುವ ‘ಪಶ್ಚಾತ್ತಾಪ’ ಎಂಬ ನಮ್ಮ ಪದದಲ್ಲಿಯೂ ಇರುವುದು ಬೇಗೆಯೇ, ಮಾಡಿದ ಮೇಲಿನ ಸುಡುವಿಕೆ. ಹೀಬ್ರೂ ಪ್ರವಾದಿಗಳ ಪದಕ್ಕಾದರೋ ‘ತಿರುಗಿ ಬಾ’ ಎಂದು ಅರ್ಥ. ನೀವು ಬೇಗೆಯನ್ನು ಚೆನ್ನಾಗಿ ವರ್ಣಿಸಿದ್ದೀರಿ, ತಿರುಗುವುದನ್ನು ಮುಟ್ಟಿಲ್ಲ.

ಕಣ್ಣೀರಿನ ಮಾತೂ ಇದಕ್ಕೇ ಸೇರಿದ್ದು. ಯೇಸು ಹೇಳಿದ ಕಥೆಯ ದಾರಿತಪ್ಪಿದ ಮಗನು ತಂದೆಯ ಪಾದಗಳ ಮೇಲೆ ಬಿದ್ದು ಬಿಕ್ಕಿಬಿಕ್ಕಿ ಅತ್ತನೆಂದು ಮುಕ್ಕಾಲು ಪುಟ ಬರೆದಿದ್ದೀರಿ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಆ ಮಗ ಅತ್ತನೆಂಬ ಮಾತೇ ಇಲ್ಲ. ಎದ್ದು ತಂದೆಯ ಕಡೆಗೆ ಬಂದನೆಂದಿದೆ, ಓಡಿಬಂದವನು ತಂದೆ. ಮಗ ಹಂದಿಗಳ ನಡುವೆ ಕುಳಿತು ಸಿದ್ಧಪಡಿಸಿಕೊಂಡ ಮಾತಿನ ಕೊನೆಯ ಭಾಗವನ್ನು, ಅಂದರೆ ಕೂಲಿಯಾಳಾಗಿಯಾದರೂ ಇರಿಸಿಕೋ ಎಂಬ ಕೋರಿಕೆಯನ್ನು, ಅವನು ಆಡುವ ಮೊದಲೇ ತಂದೆ ಸೇವಕರಿಗೆ ನಿಲುವಂಗಿ ತರಲು ಹೇಳಿಬಿಡುತ್ತಾನೆ. ಇಷ್ಟು ಸೊಗಸಾದ ಸಂಗತಿಯನ್ನು ನಿಮ್ಮ ಅಳು ನುಂಗಿಹಾಕಿದೆ. ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನು ಅತ್ತಿದ್ದಾನೆ, ನಿಜ. ಸುವಾರ್ತೆಯು ಅದಕ್ಕೆ ಕೊಟ್ಟಿರುವುದು ಒಂದೇ ವಾಕ್ಯ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ತೊಡಕೆನಿಸಿದ ಭಾಗ. 51ನೆಯ ಕೀರ್ತನೆಯಲ್ಲಿ ದಾವೀದನು ದೇವರಿಗೆ, ನಿನಗೆ ಮಾತ್ರವೇ ವಿರೋಧವಾಗಿ ಪಾಪ ಮಾಡಿದೆ ಎನ್ನುವುದನ್ನು ಹಿಡಿದು, ದೇವರ ಮುಂದೆ ಒಪ್ಪಿಕೊಂಡ ಮೇಲೆ ಮನುಷ್ಯರ ಬಳಿಗೆ ಹೋಗಬೇಕಾಗಿಲ್ಲವೆಂದು ವಾದಿಸಿದ್ದೀರಿ. ಆ ವಚನವು ಪಾಪದ ಆಳವನ್ನು ಹೇಳುತ್ತದೆಯೇ ಹೊರತು ಸಾಲವನ್ನು ಮನ್ನಾ ಮಾಡುವುದಿಲ್ಲ. ಬೈಬಲಿನ ಅರಣ್ಯಕಾಂಡದ 5ನೆಯ ಅಧ್ಯಾಯದ ನಿಯಮದಂತೆ ತಪ್ಪು ಮಾಡಿದವನು ಅದನ್ನು ಅರಿಕೆಮಾಡಿ, ತೆಗೆದುಕೊಂಡದ್ದನ್ನು ಪೂರ್ತಿಯಾಗಿ ಹಿಂದಿರುಗಿಸಿ, ಅದರ ಐದನೆಯ ಒಂದು ಪಾಲನ್ನು ಹೆಚ್ಚಾಗಿ ಕೊಡಬೇಕಾಗಿತ್ತು. ಸುವಾರ್ತೆಯಲ್ಲಿ ಬರುವ ಸುಂಕದವನು ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದ. ಬಲಿಪೀಠದ ಮುಂದೆ ನಿಂತಾಗ ನಿನ್ನ ಮೇಲೆ ಸಹೋದರನಿಗೆ ಏನಾದರೂ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಂದಿಗೆ ಸಮಾಧಾನವಾಗು ಎಂದು ಯೇಸು ಪರ್ವತಪ್ರಸಂಗದಲ್ಲಿ ಹೇಳಿದ್ದಾನೆ. ದಾವೀದನು ಹಿಂದಿರುಗಿ ಕ್ಷಮೆ ಕೇಳೋಣವೆಂದರೆ ಊರೀಯನು ಬದುಕಿರಲಿಲ್ಲ. ನಿಮ್ಮ ಅಣ್ಣ ಇದ್ದಾರೆ.

ಚರಿತ್ರೆಯ ಭಾಗದಲ್ಲಿ ಎರಡು ತಿದ್ದುಪಡಿಗಳಿವೆ. ಪ್ರೊಟೆಸ್ಟಂಟ್ ಸುಧಾರಣೆಯ ಲೂಥರನು, ಗುರುವೊಬ್ಬರ ಮುಂದೆ ಮಾಡುವ ಖಾಸಗಿ ಪಾಪನಿವೇದನೆಯನ್ನು ರದ್ದುಮಾಡಿದನೆಂಬುದು ತಪ್ಪು. 1517ರ ಅವನ ಮೊದಲ ಪ್ರಮೇಯ ವಿಶ್ವಾಸಿಯ ಇಡೀ ಜೀವನವೇ ಪಶ್ಚಾತ್ತಾಪವಾಗಿರಬೇಕೆಂದಿತು. ಲೂಥರನ ಅನುಯಾಯಿಗಳ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆ ಖಾಸಗಿ ಪಾಪವಿಮೋಚನೆಯನ್ನು ಉಳಿಸಿಕೊಂಡು, ಪ್ರತಿಯೊಂದು ಪಾಪವನ್ನೂ ಎಣಿಸಿ ಹೇಳಬೇಕೆಂಬ ಕಡ್ಡಾಯವನ್ನು ಮಾತ್ರ ಬಿಟ್ಟಿತು. ಹಾಗೆಯೇ ಕಥೋಲಿಕರು ದೇವರ ಬದಲು ಗುರುಗಳಿಗೆ ಅರಿಕೆ ಮಾಡುತ್ತಾರೆಂಬ ಮಾತನ್ನು ತೆಗೆದುಹಾಕಿ. ಅವರ ಬೋಧನೆ ಹಾಗಿಲ್ಲ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರಲ್ಲಿ ವಿಧಿಸಿದ ನಾಲ್ಕನೆಯ ಲ್ಯಾಟರನ್ ಮಹಾಸಭೆಯೇ, ಕೇಳಿದ್ದನ್ನು ಹೊರಗೆಡಹುವ ಗುರುವನ್ನು ಪದಚ್ಯುತಗೊಳಿಸಿ ಮಠವೊಂದರಲ್ಲಿ ಆಜೀವ ಪ್ರಾಯಶ್ಚಿತ್ತಕ್ಕೆ ಇರಿಸಬೇಕೆಂದೂ ಕಟ್ಟಪ್ಪಣೆ ಮಾಡಿತು.

ಆ ಕಟ್ಟಪ್ಪಣೆಯನ್ನು ನೆನೆದಾಗ ಸಂಪಾದಕನಾದ ನನಗೇ ಸ್ವಲ್ಪ ಮುಜುಗರವಾಗುತ್ತದೆ, ಏಕೆಂದರೆ ನಾನು ಕೇಳಿದ್ದನ್ನು ಅಚ್ಚುಹಾಕುವವನು. ಆದ್ದರಿಂದ ನಿಮ್ಮ ಅಣ್ಣನಿಗೆ ಸಲ್ಲಬೇಕಾದ ಮಾತು ಅವರಿಗಿಂತ ಮೊದಲು ನನ್ನ ಓದುಗರನ್ನು ತಲುಪುವುದು ನನಗೆ ಬೇಡ. ಅವರ ಬಳಿಗೆ ಹೋಗಿ ಬನ್ನಿ. ಅವರು ಕ್ಷಮಿಸದೆ ಬಾಗಿಲು ಹಾಕಿಕೊಂಡರೂ ಲೇಖನ ಕೆಡುವುದಿಲ್ಲ. ಅಂತ್ಯವನ್ನು ಸಿಹಿಮಾಡಲು ಹೋದರೆ ಮಾತ್ರ ಕೆಡುತ್ತದೆ. ಆಮೇಲೂ ಬರೆಯಬೇಕೆನಿಸಿದರೆ ಮೊದಲ ಎಂಟು ಪುಟಗಳನ್ನು ಬಿಟ್ಟು ಆ ವಾಕ್ಯದಿಂದಲೇ ತೊಡಗಿ: ಏನು ಮಾಡಿದಿರಿ, ಅದರಿಂದ ಅವರಿಗೇನಾಯಿತು, ಇಷ್ಟು ದಿನ ನಿಮಗೆ ನೀವು ಏನೆಂದು ಸಮಜಾಯಿಷಿ ಕೊಟ್ಟುಕೊಂಡಿರಿ. ಅಣ್ಣನ ಗುರುತು ಸಿಗುವ ವಿವರ ಬೇಡ, ಅವರ ಒಪ್ಪಿಗೆಯಿಲ್ಲದೆ ಅವರ ಮಾತುಗಳೂ ಬೇಡ. ನಾಲ್ಕು ಪುಟ ಸಾಕು, ಅವಸರವೇನೂ ಇಲ್ಲ.

ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಒಂಬತ್ತನೆಯ ಪುಟದಲ್ಲಿ ‘ನನ್ನಿಂದಲೂ’ ಎಂಬ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ.

ವಂದನೆಗಳೊಂದಿಗೆ,
ಸಂಪಾದಕ