ಊರಿನ ಮನೆಯಲ್ಲಿ ಪಾಲಿದ್ದರೆ ಇಂಗ್ಲೆಂಡಿನಲ್ಲಿ ಮೊದಲ ಮನೆಯ ಸ್ಟ್ಯಾಂಪ್ ಡ್ಯೂಟಿ ವಿನಾಯಿತಿ ಸಿಗುತ್ತಾ?

ಇಂಗ್ಲೆಂಡಿನಲ್ಲಿ 4 ಲಕ್ಷ ಪೌಂಡಿನ ಮನೆಯನ್ನು ಇಬ್ಬರ ಹೆಸರಲ್ಲೂ ತಗೊಳ್ತಿದ್ದೀರಿ, ನಿಮ್ಮ ಯಜಮಾನರಿಗೆ ಅವರ ತಂದೆಯಿಂದ ಬಂದ ಮನೆಯಲ್ಲಿ ಪಾಲಿದೆ ಅಂತ ಬರೆದಿದ್ದೀರಿ. ಹಾಗಿದ್ದರೆ ವಿನಾಯಿತಿ ಸಿಗುವುದಿಲ್ಲ. ನನಗೂ ಹೀಗೇ ಆಯಿತು.

ಇಲ್ಲಿನ ಕಾನೂನಿಗೆ ಮೊದಲ ಮನೆ ಅಂದರೆ ಇಡೀ ಜಗತ್ತಿನಲ್ಲೇ ಮೊದಲನೆಯದು. ದುಡ್ಡು ಕೊಟ್ಟು ಕೊಂಡಿರಬೇಕು ಅಂತಲೂ ಇಲ್ಲ. ಅಪ್ಪ ಹೋದ ಮೇಲೆ ನಮ್ಮ ಊರಿನ ಮನೆಗೆ ಪೌತಿ ಖಾತೆ ಆಯಿತು. ಅಮ್ಮ, ಇಬ್ಬರು ಅಣ್ಣಂದಿರು, ಕೊನೆಯಲ್ಲಿ ನನ್ನ ಹೆಸರು. ಆ ಮನೆಯ ಒಂದು ರೂಪಾಯಿ ಬಾಡಿಗೆ ನಾನು ಮುಟ್ಟಿದವಳಲ್ಲ. ಆದರೂ ಸಾಲಿಸಿಟರ್ (ಮನೆ ಕೊಳ್ಳುವ ಕಾಗದಪತ್ರ ನೋಡುವ ವಕೀಲರು) ಕೇಳಿದಾಗ ಇದ್ದದ್ದು ಹೇಳಲೇಬೇಕಿತ್ತು. ಕೊಳ್ಳುವ ಇಬ್ಬರಲ್ಲಿ ಒಬ್ಬರಿಗೆ ಹಿಂದೆ ಮನೆ ಇದ್ದರೂ ಇಬ್ಬರಿಗೂ ವಿನಾಯಿತಿ ಹೋಯಿತು. ಈಗ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರೂ ಪ್ರಯೋಜನವಿಲ್ಲ. ಹಿಂದೆ ಯಾವತ್ತಾದರೂ ಇತ್ತಾ ಅನ್ನುವುದೇ ಪ್ರಶ್ನೆ. ಖಾಲಿ ಸೈಟು, ಹೊಲ ಮಾತ್ರ ಇದ್ದರೆ ಚಿಂತೆಯಿಲ್ಲ, ಅವು ಮನೆಯಲ್ಲ.

2025ರ ಏಪ್ರಿಲ್ 1ರಿಂದ ಮೊದಲ ಮನೆಯವರಿಗೆ 3 ಲಕ್ಷ ಪೌಂಡಿನವರೆಗೆ ತೆರಿಗೆ ಇಲ್ಲ. ಅಲ್ಲಿಂದ 5 ಲಕ್ಷದವರೆಗಿನ ಭಾಗಕ್ಕೆ ಶೇ. 5. ಮನೆಯ ಬೆಲೆ 5 ಲಕ್ಷ ದಾಟಿದರೆ ವಿನಾಯಿತಿಯೇ ಇಲ್ಲ. ನಿಮ್ಮ ಮನೆಗೆ ವಿನಾಯಿತಿ ಇದ್ದಿದ್ದರೆ 5,000 ಪೌಂಡು, ಇಲ್ಲದಿದ್ದರೆ 10,000.

ಇದಕ್ಕಿಂತ ದೊಡ್ಡ ಹೊಡೆತ ಇನ್ನೊಂದಿದೆ. ಊರಿನ ಪಾಲಿನ ಬೆಲೆ 40,000 ಪೌಂಡು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲಿಯದನ್ನು ಎರಡನೇ ಮನೆ ಅಂತ ಲೆಕ್ಕ ಹಾಕಿ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ. 5 ಸೇರಿಸಬಹುದು. ನಿಮ್ಮ ಮನೆಗೆ ಅದು 20,000 ಪೌಂಡು! ಅದಕ್ಕೇ ಇಡೀ ಮನೆಯದಲ್ಲ, ಅವರ ಪಾಲಿನ ಬೆಲೆ ಎಷ್ಟು ಅಂತ ಮೊದಲು ತಿಳಿದುಕೊಳ್ಳಿ.

ಪಾಲು 40,000ಕ್ಕಿಂತ ಕಡಿಮೆಯಿದ್ದು, ನಿಮ್ಮ ಹೆಸರಲ್ಲಿ ಎಂದೂ ಮನೆ ಇಲ್ಲದಿದ್ದರೆ, ನಿಮ್ಮೊಬ್ಬರ ಹೆಸರಲ್ಲೇ ಕೊಂಡು ವಿನಾಯಿತಿ ಪಡೆಯಬಹುದು. ಸಾಲಕ್ಕೆ ಇಬ್ಬರ ಸಂಬಳವನ್ನೂ ನೋಡಿ, ಮನೆಯನ್ನು ಒಬ್ಬರ ಹೆಸರಲ್ಲೇ ಬಿಡುವ ಬ್ಯಾಂಕುಗಳಿವೆ. ಸಾಲ ಕೊಡಿಸುವ ಬ್ರೋಕರ್ ಹತ್ತಿರ ಕೇಳಿ. ಆದರೆ ಮನೆ ಕಾನೂನಿನ ಪ್ರಕಾರ ನಿಮ್ಮದು ಮಾತ್ರ ಆಗುತ್ತದೆ, ಇಬ್ಬರೂ ಕೂತು ಮಾತಾಡಿ ಒಪ್ಪಿಕೊಂಡ ಮೇಲೇ ಮುಂದುವರಿಯಿರಿ.

ಊರಿನ ಖಾತೆಯ ಪ್ರತಿಯನ್ನು ಈ ವಾರವೇ ತರಿಸಿ ಸಾಲಿಸಿಟರ್‌ಗೆ ತೋರಿಸಿ. ನಾನು ತೋರಿಸುವಷ್ಟರಲ್ಲಿ ಸಾಲ ಇಬ್ಬರ ಹೆಸರಲ್ಲಿ ಮಂಜೂರಾಗಿಬಿಟ್ಟಿತ್ತು.