ಓಪನ್‌ಎಸ್‌ಎಸ್‌ಎಚ್ ಲೋಪ: ಅಪ್‌ಡೇಟ್ ಆದರೂ ಅದೇ ಸಂಖ್ಯೆ

ಪ್ರಶ್ನೆ: ನಮ್ಮ ಉಬುಂಟು ಸರ್ವರ್‌ನಲ್ಲಿ ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್ 9.6 ಇದೆ. 2024ರಲ್ಲಿ ಬಯಲಾದ ಸಿವಿಇ-2024-6387 ಎಂಬ ಗುರುತು ಸಂಖ್ಯೆಯ ಭದ್ರತಾ ಲೋಪಕ್ಕಾಗಿ ಅಪ್‌ಡೇಟ್ ಹಾಕಿದ ಮೇಲೂ ಆವೃತ್ತಿಯ ಸಂಖ್ಯೆ ಬದಲಾಗಿಲ್ಲ. ಸರ್ವರ್ ಸುರಕ್ಷಿತವೇ?

ಉತ್ತರ: ಅಷ್ಟಕ್ಕೇ ಗಾಬರಿಯಾಗಬೇಕಿಲ್ಲ. ಮೂಲ ತಂತ್ರಾಂಶದಲ್ಲಿ ತಿದ್ದುಪಡಿ ಬಂದದ್ದು 9.8ರಲ್ಲಾದರೂ, ಉಬುಂಟು, ಡೆಬಿಯನ್‌ನಂತಹ ಲಿನಕ್ಸ್ ವಿತರಣೆಗಳು ಅದನ್ನು ತಮ್ಮ ಹಳೆಯ ಆವೃತ್ತಿಗೇ ಅಳವಡಿಸಿ ಕೊಡುವುದರಿಂದ, ನೀವು ನೋಡಬೇಕಾದದ್ದು ಪ್ಯಾಕೇಜಿನ ಪೂರ್ಣ ಸಂಖ್ಯೆಯನ್ನು ಮತ್ತು ಅದರ ಬದಲಾವಣೆಗಳ ಪಟ್ಟಿಯಲ್ಲಿ ಈ ಲೋಪದ ಉಲ್ಲೇಖವಿದೆಯೇ ಎಂಬುದನ್ನು. ಹಳೆಯ ಪ್ರೋಗ್ರಾಂ ಮೆಮೊರಿಯಲ್ಲಿ ಉಳಿದಿರಬಹುದಾದ ಕಾರಣ ಸೇವೆಯನ್ನು ರೀಸ್ಟಾರ್ಟ್ ಮಾಡಿರುವುದನ್ನೂ ಖಚಿತಪಡಿಸಿಕೊಳ್ಳಿ. ಅಪ್‌ಡೇಟ್ ಸಾಧ್ಯವೇ ಇಲ್ಲದಿದ್ದಾಗ ಲಾಗಿನ್ ಮುಗಿಸಲು ಕೊಡುವ ಕಾಲಾವಕಾಶವನ್ನು ನಿಗದಿಪಡಿಸುವ ‘ಲಾಗಿನ್‌ಗ್ರೇಸ್‌ಟೈಮ್’ ಅನ್ನು 0 ಮಾಡುವ, ಅಂದರೆ ಕಾಲಮಿತಿಯನ್ನೇ ತೆಗೆಯುವ ಉಪಾಯವಿದೆ. ಆದರೆ ಆಗ ಅಪೂರ್ಣ ಸಂಪರ್ಕಗಳನ್ನು ತುಂಬಿಸಿ ಇತರರ ಲಾಗಿನ್ ತಡೆಯುವುದು ಸುಲಭವಾಗುವುದರಿಂದ ನಾನದನ್ನು ತಾತ್ಕಾಲಿಕವಾಗಿ ಮಾತ್ರ ಒಪ್ಪುತ್ತೇನೆ.